ಕೋಷ್ಟಕದ ಮೇಲೆ, ಕೆಳಗೆ: ಖಾಲಿ ಜಾಗದ ಒಂದು ವಿಮರ್ಶೆ

ವಿಜ್ಞಾನದ ಪುಸ್ತಕವೊಂದನ್ನು ವಿಮರ್ಶಿಸುವಾಗ ನಾವು ಅದರಲ್ಲಿ ಅಚ್ಚಾಗಿರುವುದನ್ನಷ್ಟೇ ನೋಡುತ್ತೇವೆ. ವಿಷಯ ಸರಿಯೇ, ಭಾಷೆ ತಿಳಿಯಾಗಿದೆಯೇ, ಚಿತ್ರಗಳು ಸ್ಪಷ್ಟವಾಗಿವೆಯೇ, ಅಂಕಿಅಂಶಗಳು ನಂಬಲರ್ಹವೇ ಎಂದು ಪರಿಶೀಲಿಸುತ್ತೇವೆ. ಅಚ್ಚಾಗದೆ ಉಳಿದ ಜಾಗವನ್ನು ವಿಮರ್ಶಿಸುವ ರೂಢಿ ನಮ್ಮಲ್ಲಿ ಕಡಿಮೆ. ಈ ಲೇಖನದ ವಸ್ತು ಅಂಥ ಒಂದು ಜಾಗ. ಕೋಷ್ಟಕದ ಮೇಲೆ ಮತ್ತು ಕೆಳಗೆ, ಕೋಷ್ಟಕಕ್ಕೂ ಅದರ ಶೀರ್ಷಿಕೆಗೂ ನಡುವೆ, ಅಂಕಿಗೂ ಅಡ್ಡಗೆರೆಗೂ ನಡುವೆ ಬಿಡುವ ತೆರಪು.

‘ಇದು ಮುದ್ರಕರ ಕೆಲಸ, ಅಧ್ಯಾಪಕರಿಗೇಕೆ?’ ಎಂದು ನೀವು ಕೇಳಬಹುದು. ಒಂದು ಕಾಲದಲ್ಲಿ ಆ ಮಾತು ಒಪ್ಪುವಂತಿತ್ತು. ಅಚ್ಚುಮೊಳೆಗಳ ಕಾಲದಲ್ಲಿ ಸಾಲುಗಳ ನಡುವಿನ ತೆರಪು ಎಂದರೆ ಕೈಯಿಂದ ಇಡಬೇಕಾದ ಸೀಸದ ಪಟ್ಟಿ. ಎಷ್ಟು ಇಡಬೇಕೆಂಬುದನ್ನು ಮೊಳೆ ಜೋಡಿಸುವವರು ಅನುಭವದಿಂದ ಅರಿತಿದ್ದರು. ಇಂದು ಪ್ರಶ್ನೆಪತ್ರಿಕೆ, ಪ್ರಯೋಗ ಕೈಪಿಡಿ, ಪಿಎಚ್.ಡಿ. ಪ್ರಬಂಧ ಎಲ್ಲವನ್ನೂ ನಾವೇ ಗಣಕದಲ್ಲಿ ಜೋಡಿಸುತ್ತೇವೆ. ಸೀಸದ ಪಟ್ಟಿ ನಮ್ಮ ಕೈಗೆ ಬಂದಿದೆ. ಆ ಅನುಭವ ಬಂದಿಲ್ಲ.

ಒಂದು ಟಿಪ್ಪಣಿ, ಎರಡು ಕೋಷ್ಟಕ

ತೆರಪು ತಪ್ಪಿದರೆ ನಷ್ಟವೇನು? ಒಂದು ಉದಾಹರಣೆಯನ್ನು ನೋಡೋಣ. ಪ್ರಯೋಗ ಕೈಪಿಡಿಯ ಒಂದು ಪುಟದಲ್ಲಿ ಎರಡು ಕೋಷ್ಟಕಗಳಿವೆ ಎಂದುಕೊಳ್ಳಿ. ಮೊದಲನೆಯದು ಅನಿಲಗಳಲ್ಲಿ ಧ್ವನಿಯ ವೇಗ, 0 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗಾಳಿಗೆ ಸೆಕೆಂಡಿಗೆ 331 ಮೀಟರ್. ಎರಡನೆಯದು ದ್ರವಗಳಲ್ಲಿ ಧ್ವನಿಯ ವೇಗ, 20 ಡಿಗ್ರಿಯಲ್ಲಿ. ನೀರಿಗೆ 1482 ಮೀಟರ್. ಇವೆರಡರ ನಡುವೆ ಸರಿಸಮ ದೂರದಲ್ಲಿ ‘ಈ ಬೆಲೆಗಳು 20 ಡಿಗ್ರಿಯಲ್ಲಿ’ ಎಂಬ ಒಂದು ಸಾಲು. ಬರೆದವರ ಮನಸ್ಸಿನಲ್ಲಿ ಅದು ಕೆಳಗಿನ ಕೋಷ್ಟಕಕ್ಕೆ ಸೇರಿದ್ದು. ಪುಟ ಮಾತ್ರ ಹಾಗೆ ಹೇಳುವುದಿಲ್ಲ.

ವಿದ್ಯಾರ್ಥಿನಿಯೊಬ್ಬಳು ಅನುರಣನ ನಳಿಕೆಯಲ್ಲಿ ಪ್ರಯೋಗ ಮಾಡುತ್ತಾಳೆ. ಕೊಠಡಿಯ ಉಷ್ಣತೆ 27 ಡಿಗ್ರಿ. ಅವಳಿಗೆ ಸಿಕ್ಕ ವೇಗ 347. ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ ಎಂದು ಅವಳಿಗೆ ಗೊತ್ತು. ಆದರೆ 331 ಎಂಬುದು 20 ಡಿಗ್ರಿಯ ಬೆಲೆ ಎಂದು ಓದಿಕೊಂಡಿದ್ದಾಳೆ. ಆ ಲೆಕ್ಕದಲ್ಲಿ ಉತ್ತರ 335 ಬರಬೇಕು. ತನ್ನದು 12 ಮೀಟರ್ ಹೆಚ್ಚು! ಸರಿಯಾಗಿ ಅಳೆದ ಅವಳು ತನ್ನ ಅಳತೆಯನ್ನೇ ಅನುಮಾನಿಸುತ್ತಾಳೆ. ಧೈರ್ಯವಿದ್ದರೆ ಬಂದು ಕೇಳುತ್ತಾಳೆ. ಇಲ್ಲದಿದ್ದರೆ ವೀಕ್ಷಣೆಯ ಅಂಕಿಗಳನ್ನು ತಿದ್ದಿ ‘ಸರಿಯಾದ’ ಉತ್ತರ ಬರಿಸುತ್ತಾಳೆ. ಪ್ರಯೋಗಾಲಯದಲ್ಲಿ ಕಲಿಯಬಾರದ ಪಾಠ ಯಾವುದಾದರೂ ಇದ್ದರೆ ಅದು ಇದೇ. ಇಲ್ಲಿ ಅಂಕಿ ತಪ್ಪಿಲ್ಲ, ಪದ ತಪ್ಪಿಲ್ಲ. ತಪ್ಪಿರುವುದು ಕೆಲವೇ ಮಿಲಿಮೀಟರ್ ಖಾಲಿ ಜಾಗ.

ಕಣ್ಣು ಗುಂಪು ಮಾಡುವ ಬಗೆ

ಇದಕ್ಕೆ ಕಾರಣ ನಮ್ಮ ದೃಷ್ಟಿಯ ಸ್ವಭಾವದಲ್ಲಿದೆ. ಹತ್ತಿರವಿರುವುದನ್ನು ಕಣ್ಣು ಒಂದೇ ಗುಂಪೆಂದು ಭಾವಿಸುತ್ತದೆ. ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಚುಕ್ಕಿಗಳ ಸಾಲುಗಳನ್ನು ಬಳಸಿ ಇದನ್ನು ತೋರಿಸಿದರು. ಎರಡೆರಡು ಚುಕ್ಕಿಗಳನ್ನು ತುಸು ಹತ್ತಿರ ಇಟ್ಟರೆ ಸಾಕು, ನಾವು ಚುಕ್ಕಿಗಳನ್ನಲ್ಲ, ಜೋಡಿಗಳನ್ನು ನೋಡುತ್ತೇವೆ. ಬೇಡವೆಂದರೂ ಹಾಗೆಯೇ ಕಾಣುತ್ತದೆ. ಇದನ್ನು ಸಾಮೀಪ್ಯ ನಿಯಮ ಎನ್ನುತ್ತಾರೆ.

ಕೋಷ್ಟಕ ಮಾಡುವವರಿಗೆ ಇದು ಅದಕ್ಕೂ ಮುಂಚೆಯೇ ಅನುಭವಸಿದ್ಧವಾಗಿತ್ತು. ನೀವು ಬಳಸಿದ ಲಾಗರಿತಮ್ ಕೋಷ್ಟಕವನ್ನು ನೆನಪಿಸಿಕೊಳ್ಳಿ. ಅನೇಕ ಪುಸ್ತಕಗಳಲ್ಲಿ ಐದೈದು ಸಾಲುಗಳಿಗೊಮ್ಮೆ ಚಿಕ್ಕ ತೆರಪು ಇರುತ್ತದೆ. ಕಣ್ಣು ಸಾಲು ತಪ್ಪದಿರಲು ಅದೊಂದು ಕೈಹಿಡಿ. ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ 1827ರಲ್ಲಿ ತಮ್ಮದೇ ಲಾಗರಿತಮ್ ಕೋಷ್ಟಕವನ್ನು ಪ್ರಕಟಿಸಿದರು. 1831ರಲ್ಲಿ ಯಾವ ಬಣ್ಣದ ಕಾಗದದ ಮೇಲೆ ಯಾವ ಬಣ್ಣದ ಮಸಿಯಲ್ಲಿ ಅಂಕಿಗಳು ಚೆನ್ನಾಗಿ ಓದಿಸಿಕೊಳ್ಳುತ್ತವೆ ಎಂದು ತಿಳಿಯಲು 21 ಸಂಪುಟಗಳ ಮಾದರಿಯನ್ನೇ ಅಚ್ಚು ಹಾಕಿಸಿದರು. ಓದಲು ಕಷ್ಟವಾದ ಕೋಷ್ಟಕ ತಪ್ಪು ಕೋಷ್ಟಕದಷ್ಟೇ ಅಪಾಯಕಾರಿ ಎಂಬ ಅರಿವು ಈ ಶ್ರಮದ ಹಿಂದಿತ್ತು.

ಟೆಕ್‌ನ ಸ್ಪ್ರಿಂಗುಗಳು

ಭೌತವಿಜ್ಞಾನ ಮತ್ತು ಗಣಿತದ ಬರವಣಿಗೆಯಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ಅಕ್ಷರಜೋಡಣೆಯ ತಂತ್ರಾಂಶ ಟೆಕ್. ತಮ್ಮ ಪುಸ್ತಕವೊಂದರ ಹೊಸ ಆವೃತ್ತಿಯ ಕರಡಚ್ಚು ನೋಡಿ ಬೇಸರಗೊಂಡ ಡೊನಾಲ್ಡ್ ಕನೂತ್ 1977ರಲ್ಲಿ ಇದರ ರಚನೆಗೆ ತೊಡಗಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದೇ ಲೇಟೆಕ್.

ಟೆಕ್‌ನಲ್ಲಿ ಅಕ್ಷರ, ಸಾಲು, ಕೋಷ್ಟಕ ಎಲ್ಲವೂ ಪೆಟ್ಟಿಗೆಗಳು. ಪೆಟ್ಟಿಗೆಗಳ ನಡುವಿನ ತೆರಪಿಗೆ ಕನೂತ್ ಇಟ್ಟ ಹೆಸರು ‘ಗ್ಲೂ’, ಅಂದರೆ ಅಂಟು. ನಿಜಕ್ಕೂ ಅದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಪ್ರತಿ ತೆರಪಿಗೂ ಮೂರು ಅಳತೆಗಳಿವೆ: ಸಹಜ ಉದ್ದ, ಹಿಗ್ಗುವ ಪ್ರಮಾಣ, ಕುಗ್ಗುವ ಪ್ರಮಾಣ. 10 ಪಾಯಿಂಟ್ ಅಕ್ಷರದ ಲೇಖನದಲ್ಲಿ, ಪಠ್ಯದ ನಡುವೆ ಬರುವ ಕೋಷ್ಟಕದ ಮೇಲೆ ಮತ್ತು ಕೆಳಗೆ ಲೇಟೆಕ್ ಬಿಡುವ ತೆರಪು 12 ಪಾಯಿಂಟ್; ಅದು 2 ಪಾಯಿಂಟ್ ಹಿಗ್ಗಬಹುದು, 2 ಪಾಯಿಂಟ್ ಕುಗ್ಗಬಹುದು. ಟೆಕ್‌ನ ಒಂದು ಪಾಯಿಂಟ್ ಎಂದರೆ ಅಂಗುಲದ 72.27ನೇ ಒಂದು ಭಾಗ, ಸುಮಾರು 0.35 ಮಿ.ಮೀ.

ಪುಟ ತುಂಬಲು 3 ಪಾಯಿಂಟ್ ಕೊರತೆ ಇದೆ ಎನ್ನೋಣ. ಪುಟದಲ್ಲಿ ಕೋಷ್ಟಕದ ಎರಡು ತೆರಪುಗಳಿವೆ, ತಲಾ 2 ಹಿಗ್ಗಬಲ್ಲವು. ಪ್ಯಾರಾಗಳ ನಡುವೆ ಎರಡು ತೆರಪುಗಳಿವೆ, ತಲಾ 1 ಹಿಗ್ಗಬಲ್ಲವು. ಒಟ್ಟು 6. ಬೇಕಾದದ್ದು 3. ಆದ್ದರಿಂದ ಪ್ರತಿಯೊಂದೂ ತನ್ನ ಶಕ್ತಿಯ ಅರ್ಧದಷ್ಟು ಹಿಗ್ಗುತ್ತದೆ. ಕೋಷ್ಟಕದ ತೆರಪು 13 ಆಗುತ್ತದೆ, ಪ್ಯಾರಾಗಳ ತೆರಪು ಅರ್ಧ ಪಾಯಿಂಟ್ ಬೆಳೆಯುತ್ತದೆ. ಸರಣಿಯಲ್ಲಿ ಜೋಡಿಸಿದ ಸ್ಪ್ರಿಂಗುಗಳ ಲೆಕ್ಕವೇ ಇದು: ಎಲ್ಲದರ ಮೇಲೂ ಒಂದೇ ಬಲ, ಹಿಗ್ಗುವಿಕೆ ಮಾತ್ರ ಆಯಾ ಸ್ಪ್ರಿಂಗಿನ ಮೆದುತನಕ್ಕೆ ಅನುಪಾತದಲ್ಲಿ.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಅಗತ್ಯ ಬಿದ್ದರೆ ಟೆಕ್ ತೆರಪನ್ನು ಮಿತಿ ಮೀರಿ ಹಿಗ್ಗಿಸುತ್ತದೆ, ಜೊತೆಗೆ ದೂರುತ್ತದೆ. ಮಿತಿ ಮೀರಿ ಕುಗ್ಗಿಸುವುದೇ ಇಲ್ಲ. ಸುರುಳಿಗಳು ಒಂದಕ್ಕೊಂದು ತಾಗಿದ ಮೇಲೆ ಸ್ಪ್ರಿಂಗನ್ನು ಇನ್ನೂ ಒತ್ತಲಾಗದಲ್ಲವೇ, ಹಾಗೆ. ಹಿಗ್ಗಿದ ಅನುಪಾತದ ಘನಕ್ಕೆ ತಕ್ಕಂತೆ ಪುಟದ ‘ಕೆಡುಕು’ ಎಷ್ಟೆಂದು ಲೆಕ್ಕ ಹಾಕುತ್ತದೆ. ಅನುಪಾತ ಅರ್ಧವಾದರೆ ಕೆಡುಕು ಸುಮಾರು 12, ಎರಡಾದರೆ 800. ಇಷ್ಟು ಸೊಗಸಾದ ಯಂತ್ರದ ಬಗ್ಗೆ ನನ್ನ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಅದಕ್ಕೆ ಉಣಿಸಿರುವ ಅಂಕಿಗಳ ಬಗ್ಗೆ.

ಹತ್ತು ಮತ್ತು ಸೊನ್ನೆ

ಲೇಟೆಕ್‌ನ ಸಾಮಾನ್ಯ ಲೇಖನ ವಿನ್ಯಾಸದಲ್ಲಿ ಶೀರ್ಷಿಕೆಯ ಮೇಲೆ 10 ಪಾಯಿಂಟ್ ತೆರಪು, ಕೆಳಗೆ 0. ಚಿತ್ರಕ್ಕೆ ಇದು ಸರಿ. ಚಿತ್ರದ ಶೀರ್ಷಿಕೆ ಚಿತ್ರದ ಕೆಳಗಿರುತ್ತದೆ. ಆದರೆ ವಿಜ್ಞಾನದ ಬರವಣಿಗೆಯಲ್ಲಿ ಕೋಷ್ಟಕದ ಶೀರ್ಷಿಕೆ ಮೇಲಿರುವುದು ವಾಡಿಕೆ, ಏಕೆಂದರೆ ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ಏನನ್ನು ಓದುತ್ತಿದ್ದೇವೆ ಎಂಬುದು ಮೊದಲೇ ತಿಳಿಯಬೇಕು. ಶೀರ್ಷಿಕೆಯನ್ನು ಮೇಲಕ್ಕೆ ಒಯ್ದೊಡನೆ 10 ಪಾಯಿಂಟ್ ಬೇಡದ ಕಡೆಗೆ ಹೋಗುತ್ತದೆ, 0 ಬೇಕಾದ ಕಡೆಗೆ ಬರುತ್ತದೆ. ಪಠ್ಯಕ್ಕೂ ಶೀರ್ಷಿಕೆಗೂ ನಡುವೆ 12 ಕೂಡಿಸು 10, ಒಟ್ಟು 22 ಪಾಯಿಂಟ್. ಶೀರ್ಷಿಕೆಗೂ ಕೋಷ್ಟಕದ ಮೇಲ್ಗೆರೆಗೂ ನಡುವೆ ಹೆಚ್ಚುಕಡಿಮೆ ಏನೂ ಇಲ್ಲ. ಶೀರ್ಷಿಕೆ ಕೋಷ್ಟಕದ ಮೊದಲ ಸಾಲಿನಂತೆ ಕಾಣುತ್ತದೆ.

ಹಳೆಯ ಬಳಕೆದಾರರು ಕೆಲವರಿಗೆ ಇದು ಅನುಭವಕ್ಕೆ ಬಂದಿರಲಾರದು. ಅವರು ಕೋಷ್ಟಕವನ್ನು ಪುಟದ ಮಧ್ಯಕ್ಕೆ ತರಲು ‘ಸೆಂಟರ್’ ಎಂಬ ಆವರಣವನ್ನು ಬಳಸುತ್ತಾರೆ. ಅದು ತನ್ನ ಮೇಲೂ ಕೆಳಗೂ ತಲಾ 8ರಿಂದ 10 ಪಾಯಿಂಟ್ ಸೇರಿಸುತ್ತದೆ. ಇಲ್ಲದ ತೆರಪು ಹೀಗೆ ಆಕಸ್ಮಿಕವಾಗಿ ಒದಗುತ್ತದೆ. ಕೈಪಿಡಿಗಳು ‘ಸೆಂಟರ್ ಬೇಡ, ತೆರಪು ಸೇರಿಸದ ಸೆಂಟರಿಂಗ್ ಆದೇಶ ಬಳಸಿ’ ಎಂದು ಸಲಹೆ ಕೊಡುತ್ತವೆ. ಸಲಹೆ ಸರಿಯಾದದ್ದೇ. ಆದರೆ ಅದನ್ನು ಪಾಲಿಸಿದ ದಿನವೇ ಮುಚ್ಚಿಹೋಗಿದ್ದ ಸೊನ್ನೆ ಹೊರಗೆ ಬೀಳುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸೂಚಿಸುವ ಮದ್ದು, 10 ಮತ್ತು 0ಯನ್ನು ಅದಲುಬದಲು ಮಾಡುವುದು. ಮೇಲೆ 0, ಕೆಳಗೆ 10. ಒಂದೇ ಕೋಷ್ಟಕವಿದ್ದರೆ ಇದು ಸಾಕು. ಒಂದರ ಕೆಳಗೊಂದು ಎರಡು ಕೋಷ್ಟಕಗಳು ಪುಟದ ತಲೆಯಲ್ಲಿ ಬಂದರೆ? ಅವುಗಳ ನಡುವೆ ಲೇಟೆಕ್ ಬಿಡುವ ತೆರಪು 12 ಪಾಯಿಂಟ್. ಈಗ ಎರಡನೆಯ ಶೀರ್ಷಿಕೆ ತನ್ನ ಕೋಷ್ಟಕದಿಂದ 10 ಪಾಯಿಂಟ್ ದೂರ, ಪರರ ಕೋಷ್ಟಕದಿಂದ 12 ಪಾಯಿಂಟ್ ದೂರ. ವ್ಯತ್ಯಾಸ 2 ಪಾಯಿಂಟ್, ಅಂದರೆ 0.7 ಮಿ.ಮೀ. ಮೊದಲು ಹೇಳಿದ ಧ್ವನಿವೇಗದ ಪುಟ ಮತ್ತೆ ಹುಟ್ಟಿತು! ಮದ್ದು ರೋಗವನ್ನು ಪಕ್ಕಕ್ಕೆ ಸರಿಸಿತೇ ಹೊರತು ವಾಸಿ ಮಾಡಲಿಲ್ಲ. ಇಲ್ಲಿ ಬೇಕಾದದ್ದು ಅಳತೆಯಲ್ಲ, ಅನುಪಾತ. ಒಳಗಿನ ತೆರಪು 5 ಅಥವಾ 6 ಪಾಯಿಂಟಿಗೆ ಇಳಿಯಬೇಕು. ಕೋಷ್ಟಕಗಳ ನಡುವಿನದು 18 ಅಥವಾ 20ಕ್ಕೆ ಏರಬೇಕು.

ಗೆರೆ ಮತ್ತು ಅಂಕಿ

ಕೋಷ್ಟಕದ ಒಳಗೂ ಇಂಥದೇ ಒಂದು ಕೊರತೆ ಇದೆ. ಲೇಟೆಕ್ ಪ್ರತಿ ಅಡ್ಡಸಾಲಿನಲ್ಲೂ ಕಣ್ಣಿಗೆ ಕಾಣದ ಒಂದು ಊರುಗೋಲನ್ನು ನಿಲ್ಲಿಸುತ್ತದೆ. ಸಾಲಿನ ಎತ್ತರ 12 ಪಾಯಿಂಟ್ ಆದರೆ ಊರುಗೋಲಿನ 8.4 ಪಾಯಿಂಟ್ ಅಕ್ಷರದ ತಳರೇಖೆಯ ಮೇಲೆ, 3.6 ಕೆಳಗೆ. ಅಂದರೆ 7ಕ್ಕೆ 3ರ ಅನುಪಾತ. ಟೆಕ್‌ನ 10 ಪಾಯಿಂಟ್ ಅಂಕಿಯ ಎತ್ತರ ಸುಮಾರು 6.4. ಆದ್ದರಿಂದ ಅಂಕಿಯ ತಲೆಗೂ ಮೇಲಿನ ಗೆರೆಗೂ ನಡುವೆ ಉಳಿಯುವುದು 2 ಪಾಯಿಂಟ್ ಮಾತ್ರ. ಅಂಕಿಯ ಬುಡಕ್ಕೂ ಕೆಳಗಿನ ಗೆರೆಗೂ ನಡುವೆ 3.6. ಅಂಕಿಗಳು ಗೆರೆಗೆ ತಲೆ ತಾಗಿಸಿ ನಿಂತಂತೆ ಕಾಣುವುದು ಇದರಿಂದಲೇ.

ಸೈಮನ್ ಫಿಯರ್ ರಚಿಸಿದ ‘ಬುಕ್‌ಟ್ಯಾಬ್ಸ್’ ಎಂಬ ಪೂರಕ ಕಡತ ಇದನ್ನು ಸರಿಪಡಿಸುತ್ತದೆ. ಗೆರೆಯ ಕೆಳಗೆ ಅದು ಸುಮಾರು 2.8 ಪಾಯಿಂಟ್, ಗೆರೆಯ ಮೇಲೆ ಸುಮಾರು 1.7 ಪಾಯಿಂಟ್ ಸೇರಿಸುತ್ತದೆ. ಲೆಕ್ಕ ಹಾಕಿ ನೋಡಿ: ಅಂಕಿಯ ತಲೆಯ ಮೇಲೆ 2 ಕೂಡಿಸು 2.8, ಅಂದರೆ 4.8, ಬುಡದ ಕೆಳಗೆ 3.6 ಕೂಡಿಸು 1.7, ಅಂದರೆ 5.3. ಎರಡೂ ಬಹುತೇಕ ಸಮ. ಮೇಲ್ನೋಟಕ್ಕೆ ಮನಬಂದಂತೆ ಆರಿಸಿದ ಹಾಗೆ ಕಾಣುವ ಎರಡು ಅಂಕಿಗಳ ಹಿಂದೆ ಎಷ್ಟು ವಿವೇಕವಿದೆ! ನಿಲುವುಗೆರೆಗಳನ್ನು ಪೂರ್ಣವಾಗಿ ಬಿಡಿ ಎಂಬ ಅದರ ಸಲಹೆಯೂ ಸರಿಯಾದದ್ದು. ತೆರಪು ಸರಿಯಿದ್ದರೆ ಗೆರೆಗಳ ಬೇಲಿ ಬೇಕಾಗದು.

ಒತ್ತಕ್ಷರದ ಪಾಡು

ಇಲ್ಲಿಯವರೆಗಿನ ಲೆಕ್ಕವೆಲ್ಲ ರೋಮನ್ ಲಿಪಿಯದು. ಕನ್ನಡಕ್ಕೆ ಬಂದಾಗ ಸಮಸ್ಯೆ ಇಮ್ಮಡಿಯಾಗುತ್ತದೆ. ಇಂಗ್ಲಿಷಿನ ಅಕ್ಷರಗಳ ಬಾಲ ತಳರೇಖೆಯಿಂದ ಸುಮಾರು 2 ಪಾಯಿಂಟ್ ಇಳಿದರೆ ಮುಗಿಯಿತು; 3.6 ಪಾಯಿಂಟಿನ ಊರುಗೋಲು ಅದಕ್ಕೆ ಧಾರಾಳ. ನಮ್ಮ ಒತ್ತಕ್ಷರಗಳು ಇನ್ನೂ ಕೆಳಕ್ಕೆ ಇಳಿಯುತ್ತವೆ. ‘ಶಾಸ್ತ್ರ’, ‘ಸೂಕ್ಷ್ಮ’ ಎಂಬ ಪದಗಳಲ್ಲಿ ಎರಡೆರಡು ಒತ್ತುಗಳಿವೆ.

ಲೋಹಗಳ ಸಾಂದ್ರತೆಯ ಒಂದು ಕೋಷ್ಟಕವನ್ನು ಕಲ್ಪಿಸಿಕೊಳ್ಳಿ. ಕಬ್ಬಿಣ 7.87, ಬೆಳ್ಳಿ 10.49, ಸೀಸ 11.34, ಪಾದರಸ 13.55, ಚಿನ್ನ 19.3. ಸೀಸಕ್ಕೂ ಪಾದರಸಕ್ಕೂ ಒತ್ತಿಲ್ಲ; ಉಳಿದ ಮೂರಕ್ಕೆ ಇದೆ. ಒತ್ತು ಊರುಗೋಲಿಗಿಂತ ಕೆಳಗಿಳಿದರೆ ಟೆಕ್ ಆ ಸಾಲನ್ನು ಅಷ್ಟು ಹೆಚ್ಚು ಆಳ ಮಾಡುತ್ತದೆ. ಪರಿಣಾಮವಾಗಿ ಸಾಲುಗಳ ಅಂತರ ಒಂದೊಂದು ಕಡೆ ಒಂದೊಂದು ರೀತಿ. ಒತ್ತಿಲ್ಲದ ಸಾಲುಗಳ ಕೆಳಗೆ ಅಂತರ ಕಡಿಮೆ, ಒತ್ತಿರುವವುಗಳ ಕೆಳಗೆ ಹೆಚ್ಚು. ಸಾಮೀಪ್ಯ ನಿಯಮ ಸುಮ್ಮನಿರುವುದಿಲ್ಲ: ಸೀಸವೂ ಪಾದರಸವೂ ಯಾವುದೋ ವಿಶೇಷ ಗುಂಪಿಗೆ ಸೇರಿದವೆಂಬ ಭ್ರಮೆ ಹುಟ್ಟುತ್ತದೆ. ಕಾಗುಣಿತ ರಸಾಯನವಿಜ್ಞಾನ ಹೇಳತೊಡಗುತ್ತದೆ! ಜೊತೆಗೆ ಕೊನೆಯ ಸಾಲಿನ ಒತ್ತಕ್ಷರ ಕೆಳಗಿನ ಗೆರೆಗೆ ತಾಗಿ ನಿಲ್ಲುತ್ತದೆ.

ಯೂನಿಕೋಡ್ ಫಾಂಟುಗಳನ್ನು ನೇರವಾಗಿ ಬಳಸಬಲ್ಲ ಜೀಟೆಕ್ 2004ರಲ್ಲಿ ಬಂದ ಮೇಲೆ ಟೆಕ್‌ನಲ್ಲಿ ಕನ್ನಡ ಬರೆಯುವುದು ಸುಲಭವಾಗಿದೆ. ಆದರೆ 7ಕ್ಕೆ 3ರ ಊರುಗೋಲು ಹಾಗೆಯೇ ಉಳಿದಿದೆ. ಸಾಲುಗಳನ್ನು 1.4 ಪಟ್ಟು ಎತ್ತರಿಸಿದರೆ ಕೆಳಗಿನ ಪಾಲು 3.6ರಿಂದ ಸುಮಾರು 5 ಪಾಯಿಂಟಿಗೆ ಏರುತ್ತದೆ. ಮೇಲಿನ ಪಾಲೂ ಬೇಡದಿದ್ದರೂ 8.4ರಿಂದ 11.8ಕ್ಕೆ ಏರುತ್ತದೆ. ಕನ್ನಡಕ್ಕೆ ಬೇಕಾದದ್ದು ಕೆಳಗೆ ಹೆಚ್ಚು ಪಾಲಿರುವ ಬೇರೆಯದೇ ಊರುಗೋಲು. ಅದರ ಅಳತೆ ಫಾಂಟಿನಿಂದ ಫಾಂಟಿಗೆ ಬದಲಾಗುತ್ತದೆ. ‘ಶಾಸ್ತ್ರ’ ಎಂಬ ಪದವನ್ನು ಆ ಫಾಂಟಿನಲ್ಲಿ ಜೋಡಿಸಿ ಅದರ ಆಳವನ್ನು ಅಳೆದು, ಪ್ರತಿ ಸಾಲಿಗೂ ಅಷ್ಟೇ ಆಳವನ್ನು ಗೊತ್ತುಪಡಿಸುವುದು ನೇರವಾದ ದಾರಿ.

ವರ್ಡ್ ಬಳಸುವವರ ತೊಂದರೆ ಇದರ ತದ್ವಿರುದ್ಧ. ಸಾಲಿನ ಅಂತರವನ್ನು ‘ಎಗ್ಸ್ಯಾಕ್ಟ್‌ಲಿ’ ಎಂದು ಬಿಗಿಗೊಳಿಸಿದರೆ ಸಾಲುಗಳು ಸಮನಾಗುತ್ತವೆ, ಆದರೆ ಒತ್ತುಗಳು ಕತ್ತರಿಸಿಹೋಗುತ್ತವೆ. ‘ಅಟ್ ಲೀಸ್ಟ್’ ಎಂಬ ಆಯ್ಕೆಯಲ್ಲಿ ಸಾಕಷ್ಟು ದೊಡ್ಡ ಅಳತೆ ಕೊಟ್ಟರೆ ಎರಡೂ ತೊಂದರೆ ತಪ್ಪುತ್ತವೆ.

ತೇಪೆ ಪರಿಹಾರವಲ್ಲ

ಈ ಕೊರತೆಗಳನ್ನು ನಮ್ಮಲ್ಲಿ ಬಹಳ ಮಂದಿ ಸರಿಪಡಿಸುವ ಬಗೆಯೂ ವಿಮರ್ಶೆಗೆ ಯೋಗ್ಯ. ವರ್ಡ್‌ನಲ್ಲಿ ಎಂಟರ್ ಕೀಲಿ ಒತ್ತಿ ಖಾಲಿ ಸಾಲು ಬಿಡುತ್ತಾರೆ. ಶೀರ್ಷಿಕೆಯ ಮೇಲೊಂದು, ಕೆಳಗೊಂದು. ಎರಡೂ ಕಡೆ ಒಂದೇ ಅಳತೆ. ಶೀರ್ಷಿಕೆ ಯಾರಿಗೂ ಸೇರದೆ ನಡುವೆ ತೇಲುತ್ತದೆ. ಲೇಟೆಕ್‌ನಲ್ಲಿ ಪ್ರತಿ ಕೋಷ್ಟಕದ ಪಕ್ಕದಲ್ಲೂ ಬೇರೆ ಬೇರೆ ಅಳತೆಯ ತೆರಪನ್ನು ಕೈಯಿಂದ ತುರುಕುತ್ತಾರೆ. ಪುಟಗಳ ಮಿತಿ ಇರುವ ಸಮ್ಮೇಳನ ಪ್ರಬಂಧಗಳಲ್ಲಿ ಋಣ ತೆರಪನ್ನೂ ಹಾಕಿ ಕೋಷ್ಟಕವನ್ನು ಪಠ್ಯದೊಳಕ್ಕೆ ಎಳೆಯುತ್ತಾರೆ. ಮುಂದೆ ಅಂಚು ಬದಲಾದರೆ, ಫಾಂಟು ಬದಲಾದರೆ, ಒಂದು ವಾಕ್ಯ ಸೇರಿದರೆ ಕೋಷ್ಟಕ ಬೇರೆ ಪುಟಕ್ಕೆ ಹೋಗುತ್ತದೆ, ಋಣ ತೆರಪು ಮಾತ್ರ ಉಳಿದು ಗೆರೆಯನ್ನು ಅಕ್ಷರದ ಮೇಲೆ ಎಳೆಯುತ್ತದೆ. ಉಪಕರಣದ ಸೊನ್ನೆದೋಷವನ್ನು ಒಮ್ಮೆ ತಿದ್ದಬೇಕು. ಪ್ರತಿ ಅಳತೆಯನ್ನೂ ಅಂದಾಜಿನಲ್ಲಿ ತಿದ್ದಬಾರದು. ಈ ಪಾಠವನ್ನು ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಡುವಾಗಲೇ ನಾವು ಹೇಳಿಕೊಡುತ್ತೇವಲ್ಲವೇ?

ಹಾಗಾದರೆ ಮಾಡಬೇಕಾದದ್ದೇನು? ಮೂರು ದೂರಗಳನ್ನು ನೆನಪಿಡಿ. ಕೋಷ್ಟಕದ ಸಾಲುಗಳ ನಡುವಿನದು ಎಲ್ಲಕ್ಕಿಂತ ಕಡಿಮೆ. ಕೋಷ್ಟಕಕ್ಕೂ ಅದರ ಶೀರ್ಷಿಕೆ ಅಥವಾ ಟಿಪ್ಪಣಿಗೂ ನಡುವಿನದು ಅದಕ್ಕಿಂತ ತುಸು ಹೆಚ್ಚು, ಸುಮಾರು ಅರ್ಧ ಸಾಲು. ಇವೆಲ್ಲವೂ ಸೇರಿದ ಘಟಕಕ್ಕೂ ಹೊರಗಿನ ಪಠ್ಯಕ್ಕೂ ಅಥವಾ ಇನ್ನೊಂದು ಕೋಷ್ಟಕಕ್ಕೂ ನಡುವಿನದು ಎಲ್ಲಕ್ಕಿಂತ ಹೆಚ್ಚು, ಕನಿಷ್ಠ ಒಂದೂವರೆ ಸಾಲು. ಮೂರನೆಯದು ಎರಡನೆಯದರ ಎರಡು ಪಟ್ಟಿಗಿಂತ ಕಡಿಮೆಯಾಗದಿರಲಿ. ಈ ಅಳತೆಗಳನ್ನು ದಾಖಲೆಯ ಆರಂಭದಲ್ಲಿ ಒಂದೇ ಕಡೆ ಗೊತ್ತುಪಡಿಸಿ. ವರ್ಡ್‌ನಲ್ಲಾದರೆ ಶೀರ್ಷಿಕೆಯ ಶೈಲಿಯಲ್ಲಿ ಮೇಲಿನ ಮತ್ತು ಕೆಳಗಿನ ತೆರಪನ್ನು ನಮೂದಿಸಿ, ಶೀರ್ಷಿಕೆ ಕೋಷ್ಟಕವನ್ನು ಬಿಟ್ಟು ಹಿಂದಿನ ಪುಟದಲ್ಲಿ ಉಳಿಯದಂತೆಯೂ ಅಲ್ಲೇ ನಿಯಮಿಸಬಹುದು. ಹಿಗ್ಗುವ, ಕುಗ್ಗುವ ಕೆಲಸವನ್ನು ಹೊರಗಿನ ತೆರಪಿಗೆ ವಹಿಸಿ; ಒಳಗಿನ ಎರಡು ತೆರಪುಗಳು ಬದಲಾಗದಿರಲಿ.

ಪರೀಕ್ಷೆಯೂ ಸುಲಭ. ಅಚ್ಚಾದ ಪುಟವನ್ನು ಕೈಚಾಚಿ ಹಿಡಿದು ಕಣ್ಣನ್ನು ಅರೆಮುಚ್ಚಿ ನೋಡಿ. ಅಕ್ಷರಗಳು ಮಸುಕಾಗಿ ಬೂದುಬಣ್ಣದ ತುಂಡುಗಳಷ್ಟೇ ಉಳಿಯುತ್ತವೆ. ಪುಟದಲ್ಲಿ ಎಷ್ಟು ಕೋಷ್ಟಕಗಳಿವೆಯೋ ಅಷ್ಟೇ ತುಂಡುಗಳು ಬೇರೆಯಾಗಿ ಕಂಡರೆ, ಪ್ರತಿ ಶೀರ್ಷಿಕೆಯೂ ಯಾವುದಾದರೂ ಒಂದೇ ತುಂಡಿಗೆ ಅಂಟಿದಂತೆ ಕಂಡರೆ, ಪುಟ ಸರಿಯಿದೆ.

ತಂತ್ರಾಂಶವೊಂದು ತಾನಾಗಿ ಕೊಡುವ ಅಂಕಿಗಳು ನಿಸರ್ಗದ ನಿಯತಾಂಕಗಳಲ್ಲ. ಯಾವುದೋ ಲಿಪಿಗೆ, ಯಾವುದೋ ಬಗೆಯ ಶೀರ್ಷಿಕೆಗೆ ಯಾರೋ ಆರಿಸಿದ ಅಂಕಿಗಳು ಅವು. ಪ್ರಯೋಗದಲ್ಲಿ ಬಂದ ಪ್ರತಿ ಅಂಕಿಯನ್ನೂ ‘ಇದು ಹೇಗೆ ಬಂತು?’ ಎಂದು ಪ್ರಶ್ನಿಸಲು ನಾವು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಆ ಅಂಕಿಗಳನ್ನು ಸುತ್ತುವರಿದ ಬಿಳಿ ಜಾಗಕ್ಕೂ ಅದೇ ಪ್ರಶ್ನೆ ಕೇಳಿ. ಮುಂದಿನ ಕೈಪಿಡಿ ಅಥವಾ ಪ್ರಶ್ನೆಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅದರ ಕೋಷ್ಟಕಗಳ ಮೇಲೆ, ಕೆಳಗೆ ಒಂದು ಅಳತೆಪಟ್ಟಿಯನ್ನು ಇಟ್ಟು ನೋಡುವುದಕ್ಕೆ ಐದು ನಿಮಿಷ ಸಾಕು.